ಪ್ಲೇಟ್‌ಲೆಟ್ ಎಣಿಕೆ ಸರಿ ಇತ್ತು, ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ

ನಾನು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್. ಇಲ್ಲಿ ಬರೆಯುತ್ತಿರುವುದು ಒಬ್ಬ ಹುಡುಗಿಯ ವಿಷಯ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು ಹೇಳಿಲ್ಲ, ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾನು ತಡವಾಗಿ ಕೇಳಿದ ಪ್ರಶ್ನೆಗಳನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಮಾರ್ಚ್ ತಿಂಗಳ ಮೊದಲ ವಾರ. ಹೊರಗೆ ಬಿಸಿಲು ಆಗಲೇ ಏರಿತ್ತು. 12 ವರ್ಷದ ಹುಡುಗಿ, 7ನೇ ಕ್ಲಾಸು. ಶಾಲೆಯ ಬಿಳಿ ಶರ್ಟಿನ ಮೇಲೆ ರಕ್ತದ ಕಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಅಮ್ಮ.

"ಚಿಕ್ಕವಳಿದ್ದಾಗಿಂದ ಹಿಂಗೇ ಮೇಡಂ. ಬೇಸಿಗೆ ಬಂದ್ರೆ ಮೂಗಲ್ಲಿ ರಕ್ತ. ಮೈ ಉಷ್ಣ ಇವಳದ್ದು."

ಈ ಮಾತನ್ನು ನಾನು ಬೇಸಿಗೆಯಲ್ಲಿ ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಮನೆಯಲ್ಲಿ ಮಾಡಬೇಕಾದ್ದೆಲ್ಲ ಮಾಡಿದ್ದರು. ಗರಿಕೆ ಅರೆದು ರಸ ಬಿಟ್ಟಿದ್ದರು. ನೆತ್ತಿಗೆ ಹರಳೆಣ್ಣೆ, ಬೆಳಿಗ್ಗೆ ಮೆಂತ್ಯದ ನೀರು. ರಕ್ತ ಬಂದಾಗ ಈರುಳ್ಳಿ ಒಡೆದು ಮೂಸಿಸುವುದು, ತಲೆ ಮೇಲಕ್ಕೆ ಎತ್ತಿಸಿ ತಣ್ಣೀರು ಹೊಯ್ಯುವುದು.

ಉಷ್ಣ ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಸತ್ಯ ಇದೆ. ಒಣಗಾಳಿಗೆ ಮೂಗಿನ ಒಳಪದರ ಒಣಗಿ ಬಿರಿಯುತ್ತದೆ, ಪೊರೆ ಕಟ್ಟುತ್ತದೆ. ಮಕ್ಕಳು ಬೆರಳು ಹಾಕಿ ಅದನ್ನು ಕೀಳುತ್ತಾರೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಬಂದು ಕೂಡುವ ಒಂದು ಜಾಗ ಇದೆ, ಲಿಟಲ್ಸ್ ಏರಿಯಾ ಅನ್ನುತ್ತೇವೆ. ಮೂಗಿಂದ ಬರುವ ರಕ್ತದಲ್ಲಿ 100ಕ್ಕೆ 90ರಷ್ಟು ಅಲ್ಲಿಂದಲೇ. ಹೆಚ್ಚಿನವರಿಗೆ ಮೂಗು ಹಿಂಡಿ ಹಿಡಿದರೆ ನಿಲ್ಲುತ್ತದೆ. ಹೊಳ್ಳೆಯೊಳಗೆ ಎರಡು ವಾರ ವ್ಯಾಸಲೀನ್ ಸವರಿದರೆ ಮತ್ತೆ ಬರುವುದೂ ಕಮ್ಮಿಯಾಗುತ್ತದೆ.

ಇವಳ ಮೂಗಲ್ಲೂ ನನಗೆ ಕಂಡಿದ್ದು ಅದೇ. ಬಲಗಡೆ ಪೊರೆ, ಅದರ ಕೆಳಗೆ ಒಂದು ಕೆಂಪು ನಾಳ. ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿ ಆ ಜಾಗ ಸುಟ್ಟೆ. ರಕ್ತ ಪರೀಕ್ಷೆಗೂ ಬರೆದೆ. ಹಿಮೋಗ್ಲೋಬಿನ್ 8.4. ಪ್ಲೇಟ್‌ಲೆಟ್, ಅಂದರೆ ಗಾಯದ ಬಾಯಿ ಮುಚ್ಚಿ ರಕ್ತ ನಿಲ್ಲಿಸುವ ಸಣ್ಣ ಕಣಗಳು, 2,60,000. ಒಂದೂವರೆ ಲಕ್ಷಕ್ಕಿಂತ ಮೇಲಿದ್ದರೆ ಸರಿ ಅಂತ ಲೆಕ್ಕ. ಹಾಗಾಗಿ ಪ್ಲೇಟ್‌ಲೆಟ್ ವಿಷಯ ಅಲ್ಲಿಗೇ ಬಿಟ್ಟೆ.

ಹಿಮೋಗ್ಲೋಬಿನ್ ಕಮ್ಮಿ ಇದ್ದದ್ದಕ್ಕೆ ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ ಕೊಟ್ಟು ಕಳಿಸಿದೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನೂ ಅವಳು ತಪ್ಪದೆ ನುಂಗುತ್ತಿದ್ದಳಂತೆ. ಆದರೂ 8.4 ಯಾಕೆ? ಈ ಪ್ರಶ್ನೆ ಅವತ್ತೇ ನನ್ನ ತಲೆಗೆ ಬರಬೇಕಿತ್ತು, ಬರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತ ಕಮ್ಮಿ ಇರುವುದನ್ನು ನೋಡಿ ನೋಡಿ, ಅದೂ ಒಂದು ಸುಳಿವು ಅನ್ನುವುದನ್ನೇ ನಾವು ಮರೆತುಬಿಡುತ್ತೇವೆ.

ಆರನೇ ರಾತ್ರಿ

ಸುಟ್ಟ ಜಾಗದಲ್ಲಿ ಕಟ್ಟಿದ ಹೊಪ್ಪಳಿಕೆ ಐದಾರು ದಿನಕ್ಕೆ ಉದುರುತ್ತದೆ. ಅಷ್ಟರಲ್ಲಿ ಕೆಳಗೆ ಹೊಸ ಪದರ ಬಂದಿರುತ್ತದೆ. ಇವಳಿಗೆ ಹಾಗಾಗಲಿಲ್ಲ. ಆರನೇ ದಿನ ರಾತ್ರಿ ಊಟಕ್ಕೆ ಕೂತಾಗ ರಕ್ತ ಶುರುವಾಯಿತು. ಮನೆಯವರು ಕಾದರು. ನೀರು ಹೊಯ್ದರು. ಒಂದು ಗಂಟೆ ಕಳೆದರೂ ನಿಲ್ಲದಿದ್ದಾಗ ಪಕ್ಕದ ಮನೆಯ ಆಟೋದಲ್ಲಿ ಕರೆತಂದರು. ತಲೆ ಮೇಲೆತ್ತಿಸಿದ್ದರಿಂದ ರಕ್ತವೆಲ್ಲ ಹೊಟ್ಟೆಗೆ ಹೋಗಿತ್ತು. ಆಸ್ಪತ್ರೆ ಬಾಗಿಲಲ್ಲೇ ಕಪ್ಪಗೆ ವಾಂತಿ ಮಾಡಿಕೊಂಡಳು. ಅಮ್ಮ ಅದನ್ನು ನೋಡಿ ಕುಸಿದು ಕೂತರು.

ಮೂಗಿನೊಳಗೆ ಬಟ್ಟೆ ತುಂಬಿ ಪ್ಯಾಕ್ ಹಾಕಿ ದಾಖಲು ಮಾಡಿಕೊಂಡೆ. 48 ಗಂಟೆ ಬಿಟ್ಟು ತೆಗೆದೆ. ತೆಗೆದ ಕೂಡಲೇ ಮತ್ತೆ ಬಂತು. ಈ ಸಲ ಒಂದೇ ಜಾಗದಿಂದಲ್ಲ, ಬಟ್ಟೆ ತಾಗಿದ ಕಡೆಯೆಲ್ಲ ಜಿನುಗುತ್ತಿತ್ತು. ನನಗೆ ನಿಜವಾಗಿ ಭಯ ಆದದ್ದು ಆಗ. ಒಂದು ನಾಳ ಒಡೆದು ಬರುವ ರಕ್ತಕ್ಕೂ, ಗೋಡೆಯೆಲ್ಲ ಬೆವರಿದ ಹಾಗೆ ಬರುವ ರಕ್ತಕ್ಕೂ ವ್ಯತ್ಯಾಸ ಇದೆ. ಎರಡನೆಯದು ಮೂಗಿನ ರೋಗ ಅಲ್ಲ, ರಕ್ತದ್ದು.

ಅವತ್ತೇ ಇನ್ನೊಂದು ವಿಷಯವೂ ಹೊರಬಂತು. ಮೂಗು ಸುಟ್ಟ ಮಾರನೇ ದಿನ ಹುಡುಗಿ ತಲೆನೋವು ಅಂದಿದ್ದಳು. ಅಪ್ಪ ಅಂಗಡಿಯಿಂದ ನೋವಿನ ಮಾತ್ರೆ ತಂದು ನಾಲ್ಕು ದಿನ ಕೊಟ್ಟಿದ್ದರು. ಚೀಟಿ ನೋಡಿದರೆ ಐಬುಪ್ರೊಫೆನ್. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಇವೆಲ್ಲ ಪ್ಲೇಟ್‌ಲೆಟ್ ಕೆಲಸವನ್ನು ಕುಂದಿಸುತ್ತವೆ. ಮೂಗಲ್ಲಿ ರಕ್ತ ಬರುವವರು ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ತಗೊಬೇಕು. ನಾನು ಅದನ್ನು ಹೇಳಿ ಕಳಿಸಿರಲಿಲ್ಲ. ಈಗ ಪ್ರತಿ ಚೀಟಿಯಲ್ಲೂ ಕನ್ನಡದಲ್ಲಿ ಬರೆಯುತ್ತೇನೆ.

ಸಿಸ್ಟರ್ ನೋಡಿದ್ದು, ಅಜ್ಜಿ ಹೇಳಿದ್ದು

ವಾರ್ಡಿನಲ್ಲಿ ಸಿಸ್ಟರ್ ಅವಳ ರಕ್ತವಾದ ಶರ್ಟು ಬದಲಿಸುತ್ತಿದ್ದರು. ನನ್ನನ್ನು ಕರೆದು ತೋಳು ತೋರಿಸಿದರು. ಹಳದಿ, ಹಸಿರು, ನೀಲಿ ಕಲೆಗಳು. ತೊಡೆಯ ಮೇಲೂ ಇದ್ದವು. ಎಲ್ಲ ಒಂದೇ ದಿನದವಲ್ಲ. ಯಾರಾದರೂ ಹೊಡೀತಾರಾ ಅಂತ ಸಿಸ್ಟರ್ ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡು ಕೇಳಿದ್ದರು. ಇಲ್ಲ ಅಂದಳು. ಅದನ್ನು ಕೇಳಿದ್ದು ಸರಿ. ಅಮ್ಮ ಹೇಳಿದರು: "ಅದು ಸುಮ್ನೆ ಆಗ್ತಾ ಇರುತ್ತೆ. ಬೆಂಚಿಗೆ ತಾಗಿದ್ರೂ ಕಂದೋ ಮೈ."

ಸಂಜೆ ಅಜ್ಜಿ ಬಂದರು. ಬುತ್ತಿ ಬಿಚ್ಚುತ್ತಾ ಅವರಾಗಿಯೇ ಮಾತು ತೆಗೆದರು. "ಇವಳ ರಕ್ತ ಯಾವತ್ತೂ ಬೇಗ ನಿಂತಿಲ್ಲಮ್ಮ. ಕಿವಿ ಚುಚ್ಚಿಸಿದ ದಿನ ಬೆಳಿಗ್ಗೆಯಿಂದ ಸಂಜೆ ತನಕ ಸೋರ್ತು. ಅಕ್ಕಸಾಲಿಗ ಅರಿಶಿನ ಮೆತ್ತಿ ಮೆತ್ತಿ ಸಾಕಾಗಿ ಹೋದ. ಹಾಲುಹಲ್ಲು ಬಿದ್ದಾಗ ಎರಡು ದಿನ ದಿಂಬೆಲ್ಲ ರಕ್ತ."

ನಾನು ಪೆನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ. ಓಪಿಡಿಯಲ್ಲಿ ಐದು ನಿಮಿಷ ಇವರನ್ನು ಕೇಳಿದ್ದರೆ ಇಷ್ಟೂ ಸಿಗುತ್ತಿತ್ತು. ಮೂಗು ನೋಡಿದ್ದೆ, ಮೂಗಿನ ಹಿಂದಿನ ಹುಡುಗಿಯನ್ನು ಕೇಳಿರಲಿಲ್ಲ. ಕಿವಿ ಚುಚ್ಚಿಸಿದಾಗ, ಹಲ್ಲು ಬಿದ್ದಾಗ, ಹಲ್ಲು ಕೀಳಿಸಿದಾಗ, ಗಾಯವಾದಾಗ, ಮುಟ್ಟಾದಾಗ, ಹೆರಿಗೆಯಲ್ಲಿ ರಕ್ತ ಎಷ್ಟು ಹೋಯಿತು? ಇದೊಂದು ಪ್ರಶ್ನೆ ಯಾವ ಯಂತ್ರಕ್ಕಿಂತಲೂ ಹೆಚ್ಚು ಹೇಳುತ್ತದೆ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಅಂತ ಕೇಳಿದೆ. ಇಲ್ಲ. ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆ ಆದವರಾ? ಅಜ್ಜಿ ತಲೆಯಾಡಿಸಿದರು. ಅವರು ಹುಡುಗಿಯ ಅಮ್ಮನ ತಾಯಿ. ಹುಡುಗಿಯ ಅಪ್ಪನ ಅಕ್ಕನೂ ಅವರೇ. ಮಗಳನ್ನು ಸ್ವಂತ ತಮ್ಮನಿಗೆ ಕೊಟ್ಟಿದ್ದರು.

ಎರಡು ಗಾಜಿನ ಪಟ್ಟಿ

ನಮ್ಮ ಲ್ಯಾಬ್ ಟೆಕ್ನಿಷಿಯನ್ ಮಲೇರಿಯಾ ಸ್ಮಿಯರ್, ಅಂದರೆ ಗಾಜಿನ ಮೇಲೆ ತೆಳ್ಳಗೆ ಎಳೆದ ರಕ್ತ, ನೋಡಿ ಪಳಗಿದ ಹಿರಿಯರು. ಈ ಮಗುವಿಗೆ ಪ್ಲೇಟ್‌ಲೆಟ್ ಅಷ್ಟಿದ್ದೂ ರಕ್ತ ಯಾಕೆ ನಿಲ್ಲುತ್ತಿಲ್ಲ ಅಂತ ಕೇಳಿದೆ. ಯಂತ್ರದ ಲೆಕ್ಕ ಬಿಟ್ಟು ಕಣ್ಣಲ್ಲೇ ನೋಡೋಣ ಅಂತ ಅವರು ವಾರ್ಡಿಗೆ ಬಂದರು. ಬೆರಳು ಚುಚ್ಚಿ ಗಾಜಿನ ಮೇಲೆ ನೇರ ರಕ್ತ ಎಳೆದರು. ಅರ್ಧ ಗಂಟೆ ಬಿಟ್ಟು ನನ್ನನ್ನು ಕರೆದರು. ಸೂಕ್ಷ್ಮದರ್ಶಕದ ಪಕ್ಕ ಎರಡು ಪಟ್ಟಿ. ಅವರ ಎಡಗೈ ಬೆರಳಿಗೆ ಹತ್ತಿ ಅಂಟಿಕೊಂಡಿತ್ತು.

"ಇದು ನಂದು ಮೇಡಂ. ಇದು ಮಗೂದು."

ಅವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಗುಂಪು ಗುಂಪಾಗಿದ್ದವು. ಮಗುವಿನದರಲ್ಲಿ ಚೆಲ್ಲಿದ ಗಸಗಸೆಯ ಹಾಗೆ ಒಂದೊಂದೇ, ದೂರ ದೂರ. ಒಂದೂ ಇನ್ನೊಂದಕ್ಕೆ ಅಂಟಿರಲಿಲ್ಲ.

ಯಂತ್ರಕ್ಕೆ ಹಾಕುವ ರಕ್ತ ನೇರಳೆ ಮುಚ್ಚಳದ ಟ್ಯೂಬಿನದು. ಹೆಪ್ಪುಗಟ್ಟಬಾರದು ಅಂತ ಅದರಲ್ಲಿ ಔಷಧಿ ಇರುತ್ತದೆ, ಅದರಲ್ಲಿ ಯಾರ ಪ್ಲೇಟ್‌ಲೆಟ್ ಆದರೂ ಬಿಡಿಯಾಗೇ ಕಾಣುತ್ತವೆ. ಬೆರಳಿನಿಂದ ನೇರ ಎಳೆದದ್ದರಿಂದಲೇ ವ್ಯತ್ಯಾಸ ಗೊತ್ತಾಯಿತು. ಯಂತ್ರ ತಲೆ ಎಣಿಸುತ್ತದೆ. ಕೆಲಸ ಮಾಡ್ತಾವಾ ಇಲ್ಲವಾ ಅಂತ ಹೇಳುವುದಿಲ್ಲ.

ಆಮೇಲೆ ಬ್ಲೀಡಿಂಗ್ ಟೈಮ್ ಪರೀಕ್ಷೆಯನ್ನು ನನ್ನೆದುರಿಗೇ ಮಾಡಿಸಿದೆ. ಚರ್ಮದ ಮೇಲೆ ಸಣ್ಣ ಗೀರು ಹಾಕಿ, ಅರ್ಧ ನಿಮಿಷಕ್ಕೊಮ್ಮೆ ಕಾಗದದಲ್ಲಿ ಒತ್ತಿ ನೋಡುವುದು. ಸಾಮಾನ್ಯವಾಗಿ ಕೆಲವೇ ನಿಮಿಷಕ್ಕೆ ನಿಲ್ಲುತ್ತದೆ. 15 ನಿಮಿಷ ಆದರೂ ಕಾಗದದ ಮೇಲೆ ಕೆಂಪು ಚುಕ್ಕೆ ಬೀಳುತ್ತಲೇ ಇತ್ತು. ಪರೀಕ್ಷೆ ನಿಲ್ಲಿಸಿ ಬಿಗಿಯಾಗಿ ಪಟ್ಟಿ ಕಟ್ಟಿದೆವು.

ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್. ಅದರಲ್ಲಿ ನೆನೆಸಿದ, ತಾನಾಗಿ ಕರಗುವ ಸ್ಪಂಜನ್ನು ಮೂಗಿನೊಳಗೆ ಇಟ್ಟೆ. ಕರಗುವುದು ಯಾಕೆಂದರೆ ಕೀಳುವಾಗ ಮತ್ತೆ ಗಾಯ ಆಗಬಾರದು. ಅದೇ ಔಷಧಿಯನ್ನು ರಕ್ತನಾಳಕ್ಕೂ ಕೊಟ್ಟೆವು. ರಕ್ತ ನಿಂತಿತು. ಮಾರನೇ ದಿನ ಆಂಬುಲೆನ್ಸಿನಲ್ಲಿ ಬೆಂಗಳೂರಿನ ರಕ್ತರೋಗ ತಜ್ಞರ ಹತ್ತಿರ ಕಳಿಸಿದೆ.

ಹೆಸರು ಸಿಕ್ಕಿದ್ದು

ಅಲ್ಲಿ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವ ಪರೀಕ್ಷೆ ಮಾಡಿದರು. ಪ್ಲೇಟ್‌ಲೆಟ್ ಅಂಟಿಸುವ ವಸ್ತುಗಳಾದ ಎಡಿಪಿ, ಅಡ್ರಿನಲಿನ್, ಕೊಲ್ಯಾಜೆನ್ ಯಾವುದನ್ನು ಹಾಕಿದರೂ ಅಂಟಲಿಲ್ಲ. ರಿಸ್ಟೋಸೆಟಿನ್ ಅನ್ನುವ ಇನ್ನೊಂದು ವಸ್ತುವಿಗೆ ಮಾತ್ರ ಅಂಟಿದವು. ಇದು ಗ್ಲಾಂಜ್‌ಮನ್ ಥ್ರಾಂಬಾಸ್ತೇನಿಯಾದ ಗುರುತು. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಮೊದಲು ವಿವರಿಸಿದ ಕಾಯಿಲೆ. ಪ್ಲೇಟ್‌ಲೆಟ್‌ಗಳು ಒಂದರ ಕೈ ಇನ್ನೊಂದು ಹಿಡಿಯಲು ಬೇಕಾದ ಪ್ರೋಟೀನು ಇಲ್ಲ, ಇಲ್ಲವೇ ಕೆಟ್ಟಿದೆ. ಎಣಿಕೆ ಸರಿ ಇರುತ್ತದೆ, ಆಕಾರ ಸರಿ ಇರುತ್ತದೆ, ಗಾಯದ ಬಾಯಿಗೆ ಅಡ್ಡ ನಿಲ್ಲಲು ಆಗುವುದಿಲ್ಲ.

ಅಪ್ಪ ಅಮ್ಮ ಇಬ್ಬರಲ್ಲೂ ಕೆಟ್ಟ ಜೀನ್ ಒಂದೊಂದು ಇದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ. ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ. ಒಂದೇ ಮನೆತನದವರಾದಾಗ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಕರ್ನಾಟಕದಲ್ಲಿ ಇಂಥ ಮದುವೆ ಅಪರೂಪ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮಲ್ಲಿ 4 ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದಲ್ಲೇ ಆಗಿವೆ. ಬೇರೆ ಕಡೆ ಅಪರೂಪ ಅನ್ನುವ ರಕ್ತದ ಕಾಯಿಲೆಗಳನ್ನು ನಾವು ಇಲ್ಲಿ ಸ್ವಲ್ಪ ಬೇಗ ನೆನೆಸಿಕೊಳ್ಳಬೇಕು.

ಇದನ್ನು ಮನೆಯವರಿಗೆ ಹೇಳುವುದೇ ಕಷ್ಟ ಆಯಿತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. "ಮಗಳು ಕಣ್ಮುಂದೆ ಇರ್ತಾಳೆ ಅಂತ ತಮ್ಮಂಗೇ ಕೊಟ್ಟೆ. ನಾನೇ ಮಾಡ್ದೆ." ಸಂಬಂಧದಲ್ಲಿ ಮದುವೆಯಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಆರೋಗ್ಯವಾಗಿದ್ದಾರೆ, ಈ ಜೀನ್ ಇದೆ ಅಂತ ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ ಅಂತ ಹೇಳಿದೆ. ಇನ್ನೂ ಒಂದು ಹೇಳಿದೆ: ಕಿವಿ ಚುಚ್ಚಿಸಿದ ದಿನವನ್ನು ನೆನಪಿಟ್ಟುಕೊಂಡಿದ್ದರಿಂದಲೇ ಕಾಯಿಲೆ ಗೊತ್ತಾಯಿತು. ಹುಡುಗಿಯ ಆರು ವರ್ಷದ ತಮ್ಮನನ್ನೂ ಪರೀಕ್ಷೆ ಮಾಡಿಸಿದರು. ಅವನು ಚೆನ್ನಾಗಿದ್ದಾನೆ.

ಮುಂದಿನ ಅಪಾಯಕ್ಕೆ ಮೊದಲೇ ತಯಾರಿ

ಬೆಂಗಳೂರಿನ ತಜ್ಞರು ಫೋನಿನಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಮೂಗಿನದಲ್ಲ. "ಹುಡುಗಿ ದೊಡ್ಡವಳಾಗಿದಾಳಾ?"

ಇನ್ನೂ ಆಗಿರಲಿಲ್ಲ. ಈ ಕಾಯಿಲೆ ಇರುವ ಹುಡುಗಿಯರಿಗೆ ಮೊದಲ ಮುಟ್ಟು ಪ್ರಾಣಕ್ಕೇ ಕುತ್ತು ತರಬಹುದು. ನಮ್ಮ ಕೈಲಿ ಕೆಲವೇ ತಿಂಗಳಿತ್ತು.

ನಾನು ಬಹಳ ಯೋಚಿಸಿದ್ದು ಇಲ್ಲಿ. ಈ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕುತ್ತಾನೆ. ಮನೆಯ ಹೊರಗೆ ಕೂರಿಸುತ್ತಾರೆ, ಮುಟ್ಟುವುದಿಲ್ಲ. ಬಟ್ಟೆ ಎಷ್ಟು ನೆನೆಯಿತು ಅಂತ ಯಾರೂ ನೋಡುವುದಿಲ್ಲ, ಹುಡುಗಿ ನಾಚಿಕೆಗೆ ಹೇಳುವುದಿಲ್ಲ. ನಮ್ಮ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರಕೊಂಡು ಅವರ ಮನೆಗೆ ಹೋದೆ. ಗುಡ್ಲು ಬೇಡ ಅಂತ ಹೇಳಲು ಹೋಗಲಿಲ್ಲ. ಏನಾಗಬಹುದು ಅಂತ ಹೇಳಿ, ಅಜ್ಜಿಯನ್ನೇ ಕೇಳಿದೆ: ಏನು ಮಾಡೋಣಮ್ಮ? ಅವರು ತುಂಬಾ ಹೊತ್ತು ಸುಮ್ಮನಿದ್ದರು. "ಒಳಗೇ ಕೂರಿಸ್ತೀನಿ. ನನ್ನ ಪಕ್ಕದಲ್ಲೇ ಮಲಗ್ಲಿ," ಅಂದರು.

ಒಂದು ಕಾಗದ ಬರೆದುಕೊಟ್ಟೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಕಾಯಿಲೆಯ ಹೆಸರು. ಯಾವ ನೋವಿನ ಮಾತ್ರೆ ಕೊಡಬಾರದು. ಮಾಂಸಕ್ಕೆ ಇಂಜೆಕ್ಷನ್ ಬೇಡ. ಪ್ಯಾಡ್ ಗಂಟೆಗೊಂದು ನೆನೆದರೆ, ತಲೆ ಸುತ್ತಿದರೆ, ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ. ಮೊದಲ ದಿನವೇ ಶುರು ಮಾಡಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟರು.

ನವೆಂಬರಿನಲ್ಲಿ ಅವಳು ದೊಡ್ಡವಳಾದಳು. ಮೊದಲ ದಿನ ಮಾತ್ರೆ ಶುರುವಾಯಿತು. ಎರಡನೇ ರಾತ್ರಿ ಅಜ್ಜಿ ಎದ್ದು ನೋಡಿದಾಗ ಮೂರು ಗಂಟೆಯಲ್ಲಿ ಮೂರನೇ ಪ್ಯಾಡ್. ಕವರ್ ಎತ್ತಿಕೊಂಡು ಹೊರಟರು. ಜಿಲ್ಲಾ ಆಸ್ಪತ್ರೆ ತಲುಪಿದಾಗ ಹಿಮೋಗ್ಲೋಬಿನ್ 6.8. ಡ್ಯೂಟಿ ಡಾಕ್ಟರ್ ಕಾಗದ ಓದಿ ನೇರ ಬೆಂಗಳೂರಿಗೆ ಫೋನ್ ಮಾಡಿದರು. ರಕ್ತ ಕೊಟ್ಟರು, ಹಾರ್ಮೋನ್ ಮಾತ್ರೆ ಶುರು ಮಾಡಿದರು. ಪ್ಲೇಟ್‌ಲೆಟ್ ಕೊಡಬೇಕಾ ಬೇಡವಾ ಅಂತ ಚರ್ಚೆ ಆಯಿತು. ಪದೇ ಪದೇ ಕೊಟ್ಟರೆ ಇಂಥವರ ದೇಹ ಅದರ ವಿರುದ್ಧ ತಿರುಗಿಬೀಳಬಹುದು, ಮುಂದೆ ನಿಜವಾಗಿ ಬೇಕಾದಾಗ ಕೊಟ್ಟರೂ ಕೆಲಸಕ್ಕೆ ಬರದೆ ಹೋಗಬಹುದು. ಆ ರಾತ್ರಿ ಒಂದು ಸಲ ಕೊಡಲೇಬೇಕಾಯಿತು. ನಾಲ್ಕನೇ ದಿನ ರಕ್ತ ಹತೋಟಿಗೆ ಬಂತು.

ಓಪಿಡಿಯಲ್ಲಿ ಈಗ ನಾನು ಕೇಳುವುದು

ಮೂಗಲ್ಲಿ ರಕ್ತ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಥ ಯಾವ ಕಾಯಿಲೆಯೂ ಇರುವುದಿಲ್ಲ. ಯಾರೂ ಹೆದರಬೇಕಿಲ್ಲ. ರಕ್ತ ಬಂದಾಗ ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಳೆಯ ಕೆಳಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಹಿಂಡಿ 10ರಿಂದ 15 ನಿಮಿಷ ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತ ಉಗುಳಲಿ. ನಡುನಡುವೆ ಬಿಟ್ಟು ನೋಡಬೇಡಿ. ಗಡಿಯಾರ ನೋಡಿ. ಹೀಗೆ ಎರಡು ಸಲ ಹಿಡಿದರೂ, ಅಂದರೆ ಅರ್ಧ ಗಂಟೆಗೆ, ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟು ಬಿದ್ದು ಬಂದ ರಕ್ತವಾದರೆ, ಮಗು ಬಿಳಚಿಕೊಂಡು ತಲೆಸುತ್ತಿ ಬಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ ಅಷ್ಟೂ ಕಾಯಬೇಡಿ. ಡೆಂಗಿ ಜ್ವರದ ದಿನಗಳಲ್ಲಿ ಜ್ವರದ ಜೊತೆ ಮೂಗಲ್ಲಿ ರಕ್ತ ಬಂದರೂ ಅಷ್ಟೇ.

ಯಾವ ಕಡೆ ಅಂತ ಕೇಳುತ್ತೇನೆ. ಹದಿಹರೆಯದ ಹುಡುಗನಿಗೆ ಯಾವಾಗಲೂ ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದು, ಆ ಕಡೆ ಮೂಗೂ ಕಟ್ಟಿದ್ದರೆ ಹಿಂದೆ ಆಂಜಿಯೋಫೈಬ್ರೋಮಾ ಅನ್ನುವ ಗೆಡ್ಡೆ ಇರಬಹುದು. ಕ್ಯಾನ್ಸರ್ ಅಲ್ಲ, ಆದರೆ ತುಂಬಾ ರಕ್ತನಾಳಗಳಿರುವ ಗೆಡ್ಡೆ. ಸ್ಕ್ಯಾನ್ ಮಾಡಿಸದೆ ಚೂರು ತೆಗೆಯಲು ಹೋಗಬಾರದು. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳದ ಜೊತೆ ರಕ್ತ ಬಂದರೆ ಒಳಗೆ ಹುಣಸೆಬೀಜವೋ, ಆಟಿಕೆಯ ಬ್ಯಾಟರಿಯೋ ಸಿಕ್ಕಿಕೊಂಡಿರಬಹುದು. ಬ್ಯಾಟರಿಯಾದರೆ ಗಂಟೆಗಳ ಲೆಕ್ಕ, ಒಳಗಿನ ಗೋಡೆಯನ್ನೇ ಸುಟ್ಟುಬಿಡುತ್ತದೆ.

ದೊಡ್ಡವರಿಗೆ ಮಾತ್ರೆಯ ಚೀಟಿ ಕೇಳುತ್ತೇನೆ. ಹೃದಯದ ಕವಾಟ ಬದಲಿಸಿದವರು, ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ. ಅವರು ಬೇಗ ಬರಬೇಕು, ಆದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬಿಪಿ ಜಾಸ್ತಿ ಇದ್ದರೆ ರಕ್ತ ನಿಲ್ಲುವುದು ತಡ. ನಶ್ಯ, ಕುಡಿತ, ಲಿವರ್, ಇವನ್ನೂ ಕೇಳದೆ ಬಿಡುವುದಿಲ್ಲ.

ಕೊನೆಗೆ ಎಲ್ಲರಿಗೂ ಅಜ್ಜಿ ಕಲಿಸಿದ ಪ್ರಶ್ನೆ: ಕಿವಿ ಚುಚ್ಚಿಸಿದಾಗ ಏನಾಯಿತು? ರಕ್ತ ಬೇಗ ನಿಲ್ಲಲಿಲ್ಲ ಅನ್ನುವ ಉತ್ತರ ಬಂದರೆ ಪ್ಲೇಟ್‌ಲೆಟ್ ಎಣಿಕೆಗೆ ನಿಲ್ಲಿಸದೆ ಬೆರಳಿನ ಸ್ಮಿಯರ್ ಮಾಡಿಸುತ್ತೇನೆ. ಗ್ಲಾಂಜ್‌ಮನ್‌ಗಿಂತ ಎಷ್ಟೋ ಪಾಲು ಹೆಚ್ಚಾಗಿ ಸಿಗುವ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲೂ (ರಕ್ತ ನಿಲ್ಲಲು ಬೇಕಾದ ಒಂದು ಪ್ರೋಟೀನು ಕಮ್ಮಿ ಇರುವ ಅಥವಾ ಕೆಟ್ಟಿರುವ ಕಾಯಿಲೆ) ಎಣಿಕೆ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಮುಟ್ಟಿನಲ್ಲಿ ತುಂಬಾ ರಕ್ತ ಹೋಗುವ ಹೆಂಗಸರಲ್ಲಿ ಎಷ್ಟೋ ಜನರಿಗೆ ಇದು ಇದ್ದೂ ಗೊತ್ತಿರುವುದಿಲ್ಲ.

ಹುಡುಗಿ ಈಗ 9ನೇ ಕ್ಲಾಸು. ಹಿಮೋಗ್ಲೋಬಿನ್ 11ರ ಮೇಲಿದೆ. ಮೂಗಲ್ಲಿ ಈಗಲೂ ಆಗಾಗ ರಕ್ತ ಬರುತ್ತದೆ, ತಾನೇ ಹಿಂಡಿ ಹಿಡಿದು ಕೂರುತ್ತಾಳೆ. ಹೋದ ಸಲ ಬಂದಾಗ ಮೂಗಿನ ಮೇಲೆ ಹರಳೊಂದು ಹೊಳೆಯುತ್ತಿತ್ತು. ನಾನು ಗಾಬರಿಯಾಗಿ ಟಾರ್ಚ್ ಹಿಡಿದು ಹತ್ತಿರ ಹೋದೆ. ಅವಳು ನಕ್ಕು ಅದನ್ನು ಕಿತ್ತು ಅಂಗೈ ಮೇಲಿಟ್ಟಳು. ಒತ್ತುವ ಮೂಗುಬೊಟ್ಟು, ಚುಚ್ಚಿಸುವುದೇ ಬೇಕಿಲ್ಲ. ಜಾತ್ರೆಯಲ್ಲಿ ಅಜ್ಜಿ ಹುಡುಕಿ ಹುಡುಕಿ ಕೊಡಿಸಿದ್ದರಂತೆ.